ಕಾಕಟೀಲ್ ಹಕ್ಕಿಗೆ ಮನೆಯೊಳಗೇ ಸ್ವಾವಲಂಬನೆ: ಹಾರಿಬಿಡುವ ಮುನ್ನ ಓದಿ



ನಮ್ಮ ದಿನಸಿ ಅಂಗಡಿಗೆ ನವಣೆ, ಸಜ್ಜೆ ಕೇಳಿಕೊಂಡು ಬರುವವರಲ್ಲಿ ಈಚೆಗೆ ಹೊಸದೊಂದು ಗುಂಪು ಸೇರಿದೆ. ಅರ್ಧ ಕೆ.ಜಿ. ಕಟ್ಟಿಸಿಕೊಂಡು, "ನಮಗಲ್ಲ ಅಣ್ಣಾ, ಹಕ್ಕಿಗೆ" ಎನ್ನುತ್ತಾರೆ. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬಣ್ಣದ ಬೊಟ್ಟು ಇರುವ ಕಾಕಟೀಲ್ ಹಕ್ಕಿ ಈಗ ಬೆಂಗಳೂರು, ದಾವಣಗೆರೆಗಳಿಂದ ನಮ್ಮ ಬುಕ್ಕಾಂಬುಧಿಯಂಥ ಹಳ್ಳಿಗೂ ಬಂದಿದೆ. ಮಕ್ಕಳು ಹಟ ಹಿಡಿದು ತರಿಸಿರುತ್ತಾರೆ, ಅಥವಾ ಪರದೇಶಕ್ಕೆ ಹೊರಟ ನೆಂಟರು ಬಿಟ್ಟುಹೋಗಿರುತ್ತಾರೆ. ನಾಲ್ಕು ತಿಂಗಳು ಕಳೆದ ಮೇಲೆ ಅದೇ ಜನ ಎರಡರಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. "ಒಂದು ನಿಮಿಷ ಮರೆಯಾದರೂ ಕಿರುಚುತ್ತದೆ, ಬಸದಿಗೆ ಹೋಗುವುದೇ ಕಷ್ಟವಾಗಿದೆ, ಏನು ಮಾಡುವುದು?" ಇದು ಮೊದಲನೆಯದು. "ಪಂಜರದಲ್ಲಿಡುವುದು ಪಾಪ, ಮಹಾವೀರ ಜಯಂತಿಯ ದಿನ ಹಾರಿಬಿಟ್ಟರೆ ಅಭಯದಾನವಾಗುತ್ತದಲ್ಲವೇ?" ಇದು ಎರಡನೆಯದು.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ನಮ್ಮ ಮನೆಗೆ ಬಂದ ಮೊದಲ ಕಾಕಟೀಲನ್ನು ಒಂದು ಬೆಳಿಗ್ಗೆ ಮಹಡಿಗೆ ಒಯ್ದು, ಕೈಮುಗಿದು, ಪಂಜರದ ಬಾಗಿಲು ತೆಗೆದೆ. ಬಾಣದಂತೆ ಹೋಯಿತು. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಲ್ಲಿ ಅಂಗಡಿ ತೆರೆದೆ. ಮರುದಿನ ಸಂಜೆ ಕೆರೆಯ ಕಡೆಯ ತೋಟದವರೊಬ್ಬರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದರು. ಕಾಗೆಗಳು ಅಟ್ಟಿಸಿಕೊಂಡು ಕುಕ್ಕಿದ್ದವು. ತೆಂಗಿನ ಬುಡದಲ್ಲಿ ಕುಳಿತು ಯಾರು ಹೋದರೂ ಸಿಳ್ಳೆ ಹಾಕುತ್ತಿತ್ತಂತೆ. ಕಾಳು ಹಾಕಿದೆ, ತಿನ್ನಲಿಲ್ಲ. ರಾತ್ರಿ ಕಳೆಯುವುದರೊಳಗೆ ಹೋಯಿತು. ಆಗ ಆರನೇ ತರಗತಿಯಲ್ಲಿದ್ದ ಮೊಮ್ಮಗಳು, "ಅಜ್ಜ, ಅದಕ್ಕೆ ದಾರಿಯೇ ಗೊತ್ತಿರಲಿಲ್ಲ" ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇದು ಈ ಆಕಾಶದ ಹಕ್ಕಿಯಲ್ಲ

ಕಾಕಟೀಲಿನ ಸ್ವಂತ ಊರು ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲು. ಅಲ್ಲಿ ಗುಂಪು ಕಟ್ಟಿಕೊಂಡು, ನೀರು ಮತ್ತು ಹುಲ್ಲಿನ ಬೀಜ ಹುಡುಕುತ್ತ ಊರಿಂದೂರಿಗೆ ಅಲೆಯುತ್ತದೆ. ಕಾಕಟೂ ಕುಟುಂಬದಲ್ಲಿ ಎಲ್ಲಕ್ಕಿಂತ ಚಿಕ್ಕದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 30 ಸೆಂ.ಮೀ., ತೂಕ 80ರಿಂದ 100 ಗ್ರಾಂ. ಆಸ್ಟ್ರೇಲಿಯಾ ಸರ್ಕಾರ ತನ್ನ ಕಾಡು ಹಕ್ಕಿಗಳ ರಫ್ತನ್ನು 1960ರ ಹೊತ್ತಿಗೇ ನಿಲ್ಲಿಸಿತು. ಹಾಗಾಗಿ ಇಂದು ನಮ್ಮ ಮನೆಗಳಲ್ಲಿರುವ ಕಾಕಟೀಲುಗಳೆಲ್ಲ ಎಷ್ಟೋ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ಅವುಗಳ ತಾಯಿತಂದೆ ಹದ್ದನ್ನು ಕಂಡಿಲ್ಲ, ಹುಲ್ಲಿನಿಂದ ಕಾಳು ಬಿಡಿಸಿಲ್ಲ. ಕಲಿಸುವವರೇ ಇಲ್ಲದ ಮೇಲೆ ಮರಿ ಕಲಿಯುವುದೆಲ್ಲಿ? ಜೊತೆಗೆ ಇದು ವೇಗವಾಗಿ ಹಾರುವ ಹಕ್ಕಿ. ಗಾಬರಿಯಲ್ಲಿ ಐದು ನಿಮಿಷ ಹಾರಿದರೆ ಮನೆಯ ಗುರುತು ಸಿಗದಷ್ಟು ದೂರ ಹೋಗಿಬಿಟ್ಟಿರುತ್ತದೆ.

ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ನಮ್ಮ ಸಮಾಜದವರು ನಡೆಸುತ್ತಿರುವ ಪಕ್ಷಿ ಆಸ್ಪತ್ರೆಯನ್ನು ಬಹಳ ಮಂದಿ ನೋಡಿದ್ದೀರಿ. ಅಲ್ಲಿ ಗುಣವಾದ ಹಕ್ಕಿಗಳನ್ನು ಮಹಡಿಯಿಂದ ಹಾರಿಬಿಡುತ್ತಾರೆ. ನನ್ನ ತಲೆಯಲ್ಲಿದ್ದುದೂ ಆ ಚಿತ್ರವೇ. ಆದರೆ ಆ ಪಾರಿವಾಳ, ಗುಬ್ಬಚ್ಚಿಗಳು ಹುಟ್ಟಿದ್ದು ಅದೇ ದೆಹಲಿಯ ಆಕಾಶದಲ್ಲಿ. ಅವು ಹೋಗುವುದು ತಮ್ಮ ಮನೆಗೆ. ಕಾಕಟೀಲಿಗೆ ನಮ್ಮ ಊರಿನಲ್ಲಿ ನಮ್ಮ ಮನೆ ಬಿಟ್ಟರೆ ಬೇರೆ ಮನೆಯಿಲ್ಲ.

ಕಾನೂನಿನ ಮಾತೂ ಒಂದಿದೆ. ನಮ್ಮ ತೋಟದ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಯಾರ ಮನೆಯಲ್ಲಾದರೂ ಗಿಳಿ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ಅದನ್ನು ಇಟ್ಟುಕೊಳ್ಳಬಹುದು. ಇಟ್ಟುಕೊಂಡರೆ ಮಾತ್ರ 15ರಿಂದ 20 ವರ್ಷದ ಜವಾಬ್ದಾರಿ. ಹೊಸದಾಗಿ ಕೊಳ್ಳಲು ಹೊರಟವರಿದ್ದರೆ, ಕೊಳ್ಳಬೇಡಿ ಎಂದೇ ನನ್ನ ಅಭಿಪ್ರಾಯ. ಈಗಾಗಲೇ ಮನೆಯಲ್ಲಿರುವ ಜೀವದ ಬಗ್ಗೆ ಮುಂದೆ ಹೇಳುತ್ತೇನೆ.

ಕಿರುಚುವುದು ಹಟವಲ್ಲ

ನಮ್ಮಲ್ಲಿ ಈಗಿರುವುದು ಚುಕ್ಕಿ. ಸೊಸೆಯ ತವರಿನವರು ಊರು ಬಿಡುವಾಗ ಕೊಟ್ಟುಹೋದ ಹೆಣ್ಣು ಹಕ್ಕಿ. ಬಂದಾಗ ಯಾರದಾದರೂ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ. ಇಳಿಸಿದರೆ ಬೀದಿಯ ಕೊನೆಗೆ ಕೇಳುವಂತೆ ಕೂಗು.

ಇಂಥ ಹಕ್ಕಿಗಳ ಹಿಂದೆ ಹೆಚ್ಚಾಗಿ ಒಂದೇ ಕಥೆ ಇರುತ್ತದೆ. ಮೊಟ್ಟೆಯೊಡೆದು ಎರಡು ಮೂರು ವಾರಕ್ಕೇ ಮರಿಯನ್ನು ಗೂಡಿನಿಂದ ತೆಗೆದು, ಸಿರಿಂಜಿನಲ್ಲಿ ಗಂಜಿ ಕುಡಿಸಿ ಬೆಳೆಸುತ್ತಾರೆ. ಮನುಷ್ಯರಿಗೆ ಹೊಂದಿಕೊಳ್ಳಲಿ ಎಂಬುದು ಕಾರಣ. ತಾನೇ ಕಾಳು ಒಡೆದು ತಿನ್ನಲು ಕಲಿಯುವುದು ಎಂಟರಿಂದ ಹತ್ತು ವಾರಕ್ಕೆ. ಅದಕ್ಕೂ ಮೊದಲೇ ಮಾರಿಬಿಟ್ಟರೆ, ಆ ಮರಿಯ ಪಾಲಿಗೆ ಊಟ, ಬಿಸಿ, ಧೈರ್ಯ ಎಲ್ಲವೂ ಮನುಷ್ಯನ ಕೈಯೇ ಆಗಿಬಿಡುತ್ತದೆ.

ಕೂಗಿನ ಅರ್ಥವನ್ನೂ ತಿಳಿಯಬೇಕು. ಬಯಲಿನಲ್ಲಿ ಗುಂಪು ಮೇಯುವಾಗ ಒಂದು ಹಕ್ಕಿ ಮರೆಯಾದರೆ ಇನ್ನೊಂದು ಕೂಗುತ್ತದೆ. "ಇದ್ದೀಯಾ?" ಎಂದು ಕೇಳಿದಂತೆ. ಅತ್ತಲಿಂದ "ಇದ್ದೇನೆ" ಎಂದು ಉತ್ತರ ಬಂದರೆ ಇದು ಮತ್ತೆ ಮೇಯಲು ಶುರುಮಾಡುತ್ತದೆ. ಉತ್ತರ ಬಾರದಿದ್ದರೆ ಸ್ವರ ಏರುತ್ತದೆ. ನಾವು ಅಡುಗೆಮನೆಗೆ ಹೋದಾಗ ಅದು ಕೇಳುವುದೂ ಇದನ್ನೇ. ನಾವು ಸುಮ್ಮನಿರುತ್ತೇವೆ, ಅಥವಾ ಸಿಟ್ಟಿನಿಂದ "ಸುಮ್ಮನಿರು!" ಎಂದು ಗದರುತ್ತೇವೆ. ಗದರಿದರೆ ಹಕ್ಕಿಗೆ ಅದೂ ಉತ್ತರವೇ. ಜೋರಾಗಿ ಕೂಗಿದರೆ ಜೋರಾದ ಉತ್ತರ ಬರುತ್ತದೆ ಎಂದು ಕಲಿತುಕೊಳ್ಳುತ್ತದೆ.

ಚುಕ್ಕಿಗಾಗಿ ನಾವು ಒಂದು ಸಿಳ್ಳೆ ಗೊತ್ತುಮಾಡಿದೆವು, ಎರಡೇ ಸ್ವರದ್ದು. ಮನೆಯವರೆಲ್ಲ ಅದೇ ಸಿಳ್ಳೆ. ನಮ್ಮ ಮನೆಯವರಿಗೆ ಸಿಳ್ಳೆ ಬಾರದ್ದರಿಂದ ಅವರು "ಊಂ ಊಂ" ಎನ್ನುತ್ತಾರೆ, ಅದೂ ನಡೆಯುತ್ತದೆ. ಸಾಧಾರಣ ದನಿಯಲ್ಲಿ ಕೂಗಿದರೆ ಇದ್ದಲ್ಲಿಂದಲೇ ಒಮ್ಮೆ ಉತ್ತರ. ಕಿರುಚಿದರೆ ಉತ್ತರವೂ ಇಲ್ಲ, ಓಡಿಬರುವುದೂ ಇಲ್ಲ. ಕಿರುಚಾಟ ನಿಂತು ಎರಡು ಉಸಿರಿನಷ್ಟು ಮೌನವಾದರೆ ಆಗ ಹೋಗುವುದು. ಮೊದಲ ವಾರ ಕಿರುಚಾಟ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಹಳೆಯ ದಾರಿ ಏಕೆ ಕೆಲಸ ಮಾಡುತ್ತಿಲ್ಲ ಎಂದು ಅದು ಪರೀಕ್ಷಿಸುತ್ತಿರುತ್ತದೆ. ಬಹಳ ಮನೆಯವರು ಇಲ್ಲೇ ಸೋಲುವುದು. ಎಂಟನೆಯ ದಿನ ಒಬ್ಬರು ಓಡಿಹೋದರೂ ಏಳು ದಿನದ ಕೆಲಸ ನೀರಿನಲ್ಲಿ ಹೋಯಿತು. ಪಂಜರಕ್ಕೆ ಬಟ್ಟೆ ಹೊದಿಸಿ ಶಿಕ್ಷಿಸುವುದೂ ಬೇಡ. ಬಟ್ಟೆ ಅದಕ್ಕೆ ರಾತ್ರಿಯ ಗುರುತಾಗಬೇಕು, ಹೆದರಿಕೆಯ ಗುರುತಾಗಬಾರದು.

ಇನ್ನು ದೂರವಿರುವ ಅಭ್ಯಾಸ. ಮೊದಲ ದಿನ ಬಾಗಿಲ ಮರೆಗೆ ಹೋಗಿ ಹತ್ತು ಎಣಿಸುವಷ್ಟರಲ್ಲಿ ಮರಳಿದೆ. ಕೂಗುವ ಮೊದಲೇ ಮರಳಬೇಕು ಎಂಬುದೇ ಇದರ ಗುಟ್ಟು. ಆಮೇಲೆ ಅರ್ಧ ನಿಮಿಷ, ಒಂದು, ಎರಡು, ಐದು ನಿಮಿಷ. ಒಂದು ದಿನ ಹೆಚ್ಚು, ಮರುದಿನ ಸ್ವಲ್ಪ ಕಡಿಮೆ, ಅದಕ್ಕೆ ಲೆಕ್ಕ ಸಿಗದಂತೆ. ಅಂಗಡಿಯ ಚೀಟಿ ಪುಸ್ತಕದ ಹಿಂದೆ ಬರೆದಿಟ್ಟೆ. ಎರಡು ಗಂಟೆ ತಾನೇ ಇರುವಂತಾಗಲು ನಮಗೆ ಎರಡೂವರೆ ತಿಂಗಳು ಹಿಡಿಯಿತು. ಹೋಗುವಾಗ "ಅಯ್ಯೋ ಕಂದಾ, ಬಂದುಬಿಡ್ತೀನಿ" ಎಂದು ಮುದ್ದುಮಾಡುವುದನ್ನು ಬಿಡಬೇಕು. ನನ್ನ ಮಟ್ಟಿಗೆ ಅದೇ ಕಷ್ಟವಾಯಿತು.

ಕೈಯಲ್ಲಿ ಕೆಲಸವಿದ್ದರೆ ನೆನಪು ಕಡಿಮೆ

ಬಯಲಿನ ಕಾಕಟೀಲ್ ಹಗಲಿನಲ್ಲಿ ಗಂಟೆಗಟ್ಟಲೆ ಆಹಾರ ಹುಡುಕುತ್ತದೆ. ಮನೆಯದ್ದಕ್ಕೆ ಬಟ್ಟಲ ತುಂಬ ಕಾಳು ಹಾಕಿದರೆ ಹತ್ತು ನಿಮಿಷದಲ್ಲಿ ಊಟ ಮುಗಿಯುತ್ತದೆ. ಉಳಿದ ಹಗಲೆಲ್ಲ ನಮ್ಮ ದಾರಿ ಕಾಯುವುದೇ ಕೆಲಸ. ಕೆಲವು ಹಕ್ಕಿಗಳು ತಮ್ಮ ಪುಕ್ಕವನ್ನೇ ಕಿತ್ತುಕೊಳ್ಳಲು ಶುರುಮಾಡುತ್ತವೆ. ಆದ್ದರಿಂದ ಊಟವನ್ನು ಸ್ವಲ್ಪ ಅಡಗಿಸಿಡಿ. ಮೊದಲು ತೆರೆದ ಕಾಗದದ ಮೇಲೆ ಕಾಳು, ಆಮೇಲೆ ಅದನ್ನೇ ಸಡಿಲವಾಗಿ ಮಡಿಸಿ, ಆಮೇಲೆ ತುದಿ ತಿರುಚಿ. ತೊಳೆದ ಮೆಕ್ಕೆಜೋಳದ ಸಿಪ್ಪೆಯೊಳಗೆ, ನಯಮಾಡಿದ ತೆಂಗಿನ ಚಿಪ್ಪಿನಲ್ಲಿ ಒಣಹುಲ್ಲಿನಡಿ ನಾಲ್ಕು ಕಾಳು ಇಡಬಹುದು.

ಕಚ್ಚಿ ಹರಿಯಲು ನಮ್ಮ ಸೀಮೆಯ ಅಡಿಕೆ ಹಾಳೆಗಿಂತ ಒಳ್ಳೆಯ ಆಟಿಕೆ ಪೇಟೆಯಲ್ಲಿಲ್ಲ. ಹಾಳೆ ತಟ್ಟೆಯನ್ನು ಅಂಗೈಯಗಲ ಕತ್ತರಿಸಿ, ತೂತು ಮಾಡಿ, ಬಾಳೆನಾರಿನ ಗಿಡ್ಡ ತುಂಡಿನಲ್ಲಿ ಕಟ್ಟಿ. ಉದ್ದ ದಾರವಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ತೋಟದಿಂದ ನೇರವಾಗಿ ಹಾಳೆ ತರುವವರು ಎಚ್ಚರ. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ, ಆ ತಾಮ್ರ ಹಕ್ಕಿಗೆ ವಿಷ. ಕೂರಲು ಒಂದೇ ದಪ್ಪದ ಪ್ಲಾಸ್ಟಿಕ್ ಕೋಲಿನ ಬದಲು ಔಷಧಿ ಹೊಡೆಯದ ಸೀಬೆ ಅಥವಾ ಬೇವಿನ ಕೊಂಬೆಗಳನ್ನು ಬೇರೆ ಬೇರೆ ದಪ್ಪದಲ್ಲಿ ಕಟ್ಟಿದರೆ ಪಾದಕ್ಕೆ ಒಳ್ಳೆಯದು. ಕನ್ನಡಿ ಬೇಡ, ಅದರೊಳಗಿನ ಹಕ್ಕಿಯ ಮುಂದೆ ದಿನವಿಡೀ ಕುಳಿತುಬಿಡುತ್ತವೆ.

ಹಗಲಿನಲ್ಲಿ ಪಂಜರದ ಹೊರಗೆ ಅದಕ್ಕೊಂದು ಸ್ವಂತ ಜಾಗ ಬೇಕು. ನಾವು ಕಿಟಕಿಯ ಬಳಿ ಒಂದು ಕೊಂಬೆ ನಿಲ್ಲಿಸಿದ್ದೇವೆ. ಹೆಗಲಿಂದ ಆ ಕೊಂಬೆಗೆ ಇಳಿದಾಗಲೆಲ್ಲ ಎರಡು ಕಾಳು ನವಣೆ. ಹೆಗಲ ಮೇಲಿದ್ದಾಗ ಏನೂ ಕೊಡುವುದಿಲ್ಲ. ಒಂದು ತಿಂಗಳಲ್ಲಿ ಕೊಂಬೆಯೇ ಅದಕ್ಕೆ ಇಷ್ಟದ ಜಾಗವಾಯಿತು.

ಇಲ್ಲಿ ಎರಡು ಸಲಹೆಗಳನ್ನು ನಾನು ತಳ್ಳಿಹಾಕುತ್ತೇನೆ. ಒಂದು, "ಹಸಿವಿನಲ್ಲಿಟ್ಟರೆ ಬೇಗ ಕಲಿಯುತ್ತದೆ" ಎನ್ನುವುದು. ಇನ್ನೊಂದು, "ರೆಕ್ಕೆಯ ಗರಿ ಕತ್ತರಿಸಿಬಿಡಿ" ಎನ್ನುವುದು. ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಅತಿಚಾರಗಳು ಐದು. ಅದರಲ್ಲಿ ಬಂಧ, ಛೇದ, ಅನ್ನಪಾನ ನಿರೋಧ ಮೂರೂ ಪಂಜರದ ಹಕ್ಕಿಯ ಮುಂದೆಯೇ ನಿಲ್ಲುತ್ತವೆ. ಬಂಧದಿಂದ ನಾವು ಪೂರ್ತಿ ತಪ್ಪಿಸಿಕೊಳ್ಳಲಾರೆವು, ಅದನ್ನು ಒಪ್ಪಿಕೊಳ್ಳಬೇಕು. ಆದಷ್ಟು ದೊಡ್ಡ ಪಂಜರ, ದಿನಕ್ಕೆ ಎರಡು ಮೂರು ಗಂಟೆ ಹೊರಗಿನ ಓಡಾಟ, ಇಷ್ಟು ನಮ್ಮ ಕೈಯಲ್ಲಿದೆ. ಉಳಿದೆರಡನ್ನು ಏಕೆ ಸೇರಿಸಿಕೊಳ್ಳಬೇಕು? ಉಪವಾಸ ನಾವು ನಿಯಮ ತೆಗೆದುಕೊಂಡು ಮಾಡುವುದು, ಹಕ್ಕಿ ಯಾವ ನಿಯಮವನ್ನೂ ತೆಗೆದುಕೊಂಡಿಲ್ಲ. ತೊಂಬತ್ತು ಗ್ರಾಂ ಜೀವಕ್ಕೆ ಒಂದು ದಿನದ ಹಸಿವೂ ಅಪಾಯ. ಗರಿ ಕತ್ತರಿಸಿದರೆ ನೋವಾಗದಿರಬಹುದು, ಹಳೆಯದು ಉದುರಿ ಹೊಸದು ಬರಲೂಬಹುದು. ಆದರೆ ಅಲ್ಲಿಯವರೆಗೆ ಕೊಂಬೆಯಿಂದ ಕೊಂಬೆಗೆ ಹೋಗಲೂ ನಮ್ಮ ಕೈಗೇ ಕಾಯಬೇಕು. ಸ್ವಾವಲಂಬನೆ ಕಲಿಸಹೊರಟವರು ಮಾಡುವ ಕೆಲಸವಲ್ಲ ಅದು. ಅಡಗಿಸಿಡುವುದು ಊಟದ ಒಂದು ಪಾಲು ಮಾತ್ರ, ಬಟ್ಟಲು ಯಾವಾಗಲೂ ಇರಲಿ.

ನಮ್ಮ ಮನೆಗಳಿಗೆ ಹೊಂದುವ ಆಹಾರ

ಬರೀ ಕಾಳಿನಲ್ಲಿ ಬೆಳೆದ ಹಕ್ಕಿಗೆ ಕೊಬ್ಬು ಹೆಚ್ಚಿ ಯಕೃತ್ತು ಕೆಡುತ್ತದೆ, ಎ ಜೀವಸತ್ವ ಸಾಲದಾಗುತ್ತದೆ. ಸೂರ್ಯಕಾಂತಿ ಬೀಜ ಬಹುಮಾನಕ್ಕೆ ಮಾತ್ರ. ನವಣೆ, ಬರಗು, ಸಜ್ಜೆಯ ಜೊತೆಗೆ ಹಕ್ಕಿಗಳ ಪೆಲೆಟ್, ಸೊಪ್ಪು, ತರಕಾರಿ ಬೇಕು. ಎಲ್ಲರೂ ಕ್ಯಾರೆಟ್ ಹೇಳುತ್ತಾರೆ. ಗಡ್ಡೆ ತರದ ಮನೆಯವರು ಚಿಂತಿಸಬೇಕಿಲ್ಲ. ನುಗ್ಗೆಸೊಪ್ಪು, ಸಿಹಿಕುಂಬಳ, ಕೆಂಪು ದಪ್ಪ ಮೆಣಸಿನಕಾಯಿ ಅದೇ ಕೆಲಸ ಮಾಡುತ್ತವೆ. ಮೊಳಕೆ ಬಳಸದವರು ಉಪ್ಪಿಲ್ಲದೆ ಬೇಯಿಸಿದ ಹೆಸರುಕಾಳು ಕೊಡಬಹುದು. ಸುಣ್ಣದ ಅಂಶಕ್ಕೆಂದು ಅಂಗಡಿಯಲ್ಲಿ ಕೊಡುವ ಬಿಳಿಯ ಕಟಲ್ ಬೋನ್ ಸಮುದ್ರಜೀವಿಯೊಂದರ ಒಳಚಿಪ್ಪು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದರ ಬದಲು ಮಿನರಲ್ ಬ್ಲಾಕ್ ಕೇಳಿ. ಪೆಲೆಟ್ ಪೊಟ್ಟಣದ ಹಿಂದೆ ಮೊಟ್ಟೆ, ಮೀನಿನ ಪುಡಿ ಇದೆಯೇ ಓದಿ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಬೆಳ್ಳುಳ್ಳಿ ಹಕ್ಕಿಗೆ ವಿಷ. ನೀರು ದಿನಕ್ಕೆರಡು ಬಾರಿ, ನಾವು ಕುಡಿಯುವ ಸೋಸಿದ ನೀರೇ.

ವ್ಯಾಪಾರಿಯಾಗಿ ಒಂದು ಮಾತು: ಬಿತ್ತನೆಗೆಂದು ಬಣ್ಣ ಹಚ್ಚಿ ಮಾರುವ ಬೀಜ ಔಷಧಿ ಲೇಪಿಸಿದ್ದು, ಅದನ್ನು ಎಂದಿಗೂ ಹಾಕಬೇಡಿ. ಕಾಳನ್ನು ಹದಿನೈದು ದಿನಕ್ಕಾಗುವಷ್ಟೇ ಕೊಳ್ಳಿ. ಹೆಚ್ಚು ಕೊಂಡರೆ ಹುಳು ಬೀಳುತ್ತದೆ, ಆಮೇಲೆ ಬಿಸಿಲಿಗೆ ಹಾಕುವುದೂ ತಪ್ಪು, ಹಾಗೇ ಇಡುವುದೂ ತಪ್ಪು ಎಂಬ ಪೇಚಾಟ. ಬೂಸಲು ವಾಸನೆ ಬಂದರೆ ಅದು ಹಕ್ಕಿಗೂ ಅಲ್ಲ.

ಒಂಟಿಯಾಗಿ ಬಿಡುವ ಮೊದಲು ಮನೆ ನೋಡಿಕೊಳ್ಳಿ

ನಮ್ಮ ಮನೆಗಳಲ್ಲಿ ಹಾರುವ ಹಕ್ಕಿಗೆ ದೊಡ್ಡ ಶತ್ರು ಸೀಲಿಂಗ್ ಫ್ಯಾನ್. ಹಕ್ಕಿ ಹೊರಗಿದ್ದಾಗ ಸ್ವಿಚ್ಚಿಗೆ ಟೇಪ್ ಅಂಟಿಸುತ್ತೇವೆ. ನೀರಿನ ಹಂಡೆ, ಎಣ್ಣೆ ಬಾಣಲೆ, ಗಾಜಿನ ಕಿಟಕಿ ಎಲ್ಲವೂ ಅಪಾಯವೇ. ಮನೆಯಲ್ಲಿ ಯಾರೂ ಇಲ್ಲದಾಗ ಪಂಜರದೊಳಗೇ ಇರಲಿ. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಹೊರಡುವ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಅಗರಬತ್ತಿ, ಧೂಪ, ಕರ್ಪೂರದ ಹೊಗೆಯೂ ಅದರ ಶ್ವಾಸಕ್ಕೆ ಒಗ್ಗುವುದಿಲ್ಲ. ಪಂಜರವನ್ನು ದೇವರ ಕೋಣೆಯಿಂದ, ಅಡುಗೆಮನೆಯಿಂದ ದೂರವಿಡಿ. ಕಾಕಟೀಲಿನ ಮೈಯಿಂದ ಸದಾ ಬಿಳಿ ಪುಡಿ ಉದುರುತ್ತದೆ. ದಮ್ಮು ಇರುವ ಹಿರಿಯರ ಕೋಣೆಯಲ್ಲೂ ಇಡಬಾರದು.

ಕತ್ತಲಾದ ಮೇಲೆ ಅದಕ್ಕೆ ಹತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಸೂರ್ಯಾಸ್ತದ ನಂತರ ಅದು ತಾನಾಗಿಯೇ ತಿನ್ನುವುದಿಲ್ಲ, ಆ ವಿಷಯದಲ್ಲಿ ನಮ್ಮ ಮನೆಗಳ ಪದ್ಧತಿ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಈ ಜಾತಿಗೆ ನಡುರಾತ್ರಿ ಬೆಚ್ಚಿಬಿದ್ದು ಪಂಜರದಲ್ಲೇ ಬಡಿದಾಡಿಕೊಳ್ಳುವ ಸ್ವಭಾವವಿದೆ. ಒಂದು ಸಣ್ಣ ಜೀರೋ ಬಲ್ಬು ಹಾಕಿ, ಪಂಜರದ ಒಂದು ಕಡೆ ಬಟ್ಟೆ ಸರಿಸಿಟ್ಟರೆ ಕಡಿಮೆಯಾಗುತ್ತದೆ.

"ಜೊತೆಗೆ ಇನ್ನೊಂದು ತಂದರೆ ನಮ್ಮ ಗೊಡವೆ ಬಿಡುತ್ತದಲ್ಲ?" ಎಂದು ಕೇಳುತ್ತಾರೆ. ಬಿಡಬಹುದು, ಎರಡೂ ಸೇರಿ ಕಿರುಚಲೂಬಹುದು. ಗಂಡು ಹೆಣ್ಣಾದರೆ ಮೊಟ್ಟೆ, ಮರಿ, ಆ ಮರಿಗಳನ್ನು ಯಾರಿಗೆ ಕೊಡುವುದೆಂಬ ಹೊಸ ಬಂಧನ. ಒಂಟಿ ಹೆಣ್ಣೂ ಮೊಟ್ಟೆಯಿಡುತ್ತದೆ. ಪದೇ ಪದೇ ಇಟ್ಟರೆ ಸುಣ್ಣದ ಅಂಶ ಕುಗ್ಗಿ, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯಬಹುದು. ಬೆನ್ನು ಸವರುವುದು, ಪೆಟ್ಟಿಗೆಯಂಥ ಕತ್ತಲ ಮೂಲೆ ಇಡುವುದು ಮೊಟ್ಟೆಗೆ ಪ್ರೇರಣೆ. ತಲೆ, ಕೆನ್ನೆ ಮಾತ್ರ ಸವರಿ.

ಅಂಟಿಕೊಳ್ಳುವ ಹಕ್ಕಿ ಇದ್ದಕ್ಕಿದ್ದಂತೆ ಸುಮ್ಮನಾದರೆ ಕಲಿತುಬಿಟ್ಟಿತು ಎಂದು ಸಂತೋಷಪಡಬೇಡಿ. ಮೈ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತರೆ, ಉಸಿರಿಗೊಮ್ಮೆ ಬಾಲ ಅಲ್ಲಾಡಿದರೆ, ತಿನ್ನದಿದ್ದರೆ ಅದು ಕಾಯಿಲೆ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೆ ಮುಚ್ಚಿಡುತ್ತವೆ. ನಾನು ವಾರಕ್ಕೆರಡು ದಿನ ಬೆಳಿಗ್ಗೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ಚುಕ್ಕಿಯನ್ನು ತೂಗುತ್ತೇನೆ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ತಡಮಾಡದೆ ಪಶುವೈದ್ಯರಲ್ಲಿಗೆ. ನಮ್ಮ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನವರಿಗೆ ಹೆಬ್ಬಾಳದ್ದು.

ಕಳೆದ ದಶಲಕ್ಷಣ ಪರ್ವದಲ್ಲಿ ದಿನವೂ ಬೆಳಿಗ್ಗೆ ಮೂರು ಗಂಟೆ ಚುಕ್ಕಿ ಒಂಟಿಯಾಗಿತ್ತು. ಪರ್ವ ಮುಗಿದ ಮೇಲೆ ಎಲ್ಲರೂ ಸಿಂಹನಗದ್ದೆಗೆ ಹೋಗಿ ಒಂದು ರಾತ್ರಿ ಉಳಿದು ಬಂದೆವು. ಅದಕ್ಕೂ ಮೊದಲು ಹದಿನೈದು ದಿನ ಪಕ್ಕದ ಮನೆಯಾಕೆ ದಿನಕ್ಕೊಮ್ಮೆ ಬಂದು ನೀರು ಬದಲಿಸಿ, ನಮ್ಮ ಸಿಳ್ಳೆಯನ್ನೇ ಅಭ್ಯಾಸ ಮಾಡಿಕೊಂಡಿದ್ದರು. ಮರಳಿ ಬಂದು ಬಾಗಿಲು ತೆಗೆದಾಗ ಅದು ಕೊಂಬೆಯ ಮೇಲೆ ಅಡಿಕೆ ಹಾಳೆ ಹರಿಯುತ್ತಿತ್ತು. ಒಮ್ಮೆ ಜುಟ್ಟು ಎತ್ತಿ ನೋಡಿತು, ಮತ್ತೆ ಹಾಳೆ ಹರಿಯಲು ತೊಡಗಿತು. ಮೊಮ್ಮಗಳಿಗೆ ಸ್ವಲ್ಪ ಬೇಜಾರಾಯಿತು.